ಏಪ್ರಿಲ್ 27ಕ್ಕೆ ಸೇರಬೇಕಿದ್ದ ಸದನ

ದೆಹಲಿಗೆ ಹೋಗುವ ರೈಲಿನಲ್ಲಿ ಒಮ್ಮೆ ಎದುರಿನ ಸೀಟಿನಲ್ಲಿ ಭೋಪಾಲ್ ಕಡೆಯ ಹುಡುಗನೊಬ್ಬ ಕೂತಿದ್ದ. ಕಾನೂನು ಓದುತ್ತಿದ್ದವನು, ಮರುದಿನದ ಪರೀಕ್ಷೆಗೆ ನೋಟ್ಸು ತಿರುವಿಹಾಕುತ್ತಿದ್ದ. ನಾನು ಕರ್ನಾಟಕದವನೆಂದು ಗೊತ್ತಾದ ಮೇಲೆ ಹಿಂದಿಯಲ್ಲಿ ಕೇಳಿದ: "ಬೊಮ್ಮಾಯಿ ಅನ್ನೋದು ನಿಮ್ಮ ಕಡೆಯ ಊರಾ ಸರ್?" ಅವನ ನೋಟ್ಸಿನ ಎರಡು ಪುಟಗಳಲ್ಲಿ ಆ ಹೆಸರು ಹತ್ತಾರು ಸಲ ಬಂದಿತ್ತು. ಬೊಮ್ಮಾಯಿ ತೀರ್ಪು, ಬೊಮ್ಮಾಯಿ ಸೂತ್ರ, ಬೊಮ್ಮಾಯಿ ಪ್ರಕಾರ ಹೀಗೆ, ಬೊಮ್ಮಾಯಿ ನಂತರ ಹಾಗೆ. ಊರಲ್ಲ, ಮನುಷ್ಯ ಎಂದೆ. ನಮ್ಮ ಮುಖ್ಯಮಂತ್ರಿಯಾಗಿದ್ದರು, ಅವರ ಸರ್ಕಾರವನ್ನು ವಜಾ ಮಾಡಿದ್ದರ ವಿರುದ್ಧ ಹೂಡಿದ ದಾವೆ ಅದು. "ಹಾಗಾದರೆ ಕೇಸು ಗೆದ್ದ ಮೇಲೆ ಮತ್ತೆ ಮುಖ್ಯಮಂತ್ರಿ ಆದರಾ?" ಇಲ್ಲ ಎಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಮತ್ತೆ ಗೆದ್ದದ್ದೇನು ಎಂದು ಕೇಳುವುದು ಮರ್ಯಾದೆಯಲ್ಲ ಅನ್ನಿಸಿತೋ ಏನೋ, ನೋಟ್ಸಿಗೆ ಮರಳಿದ.

ಅವನು ಕೇಳದೆ ಬಿಟ್ಟ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ತೀರ್ಪಿನ ಪ್ರತಿಯನ್ನು ತಂದು ಓದಲು ಕೂತದ್ದು ಆಮೇಲೆ.

ಮೊದಲು ಒಂದು ಸಣ್ಣ ವಿಷಯ. ಚುನಾವಣೆಯಲ್ಲಿ ನಾವು ಸರ್ಕಾರವನ್ನು ಆರಿಸುತ್ತೇವೆ ಎಂದು ಮಾತಿಗೆ ಹೇಳುತ್ತೇವಾದರೂ ಅದು ಪೂರ್ತಿ ನಿಜವಲ್ಲ. ನಾವು ಆರಿಸುವುದು ಸದನವನ್ನು. ಸರ್ಕಾರ ಹುಟ್ಟುವುದು ಸದನದ ಹೊಟ್ಟೆಯಿಂದ. ಅಮೆರಿಕದ ಅಧ್ಯಕ್ಷನಿಗೆ ನಾಲ್ಕು ವರ್ಷಗಳ ಅವಧಿ ಇದ್ದೇ ಇರುತ್ತದೆ. ನಮ್ಮ ಮುಖ್ಯಮಂತ್ರಿಗೆ ಅಂಥ ಅವಧಿ ಯಾವುದೂ ಇಲ್ಲ. ಐದು ವರ್ಷ ಎನ್ನುವುದು ವಿಧಾನಸಭೆಯ ಆಯುಸ್ಸು, ಅವರದ್ದಲ್ಲ. ಸಂವಿಧಾನದ 164ನೇ ವಿಧಿಯನ್ನು ತೆರೆದು ನೋಡಿದರೆ, ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸತಕ್ಕದ್ದು ಎಂದಿದೆ, ಮಂತ್ರಿಗಳು ರಾಜ್ಯಪಾಲರ ಇಷ್ಟವಿರುವವರೆಗೆ ಅಧಿಕಾರದಲ್ಲಿರುತ್ತಾರೆ ಎಂದಿದೆ, ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ ಎಂದೂ ಇದೆ. ಬಹುಮತ ಎಂಬ ಪದ ಅಲ್ಲಿಲ್ಲ. ಬಹುಮತ ಇದೆಯೋ ಇಲ್ಲವೋ ಎಂದು ಯಾರು, ಎಲ್ಲಿ, ಯಾವಾಗ ಎಣಿಸಬೇಕು ಎಂಬುದೂ ಇಲ್ಲ. ಇಂಗ್ಲೆಂಡಿನಿಂದ ಬಂದ ಪದ್ಧತಿಯಲ್ಲವೇ, ಅಲ್ಲಿಯ ಸಂಪ್ರದಾಯವೇ ಇಲ್ಲಿಯೂ ನಡೆಯುತ್ತದೆ ಎಂದು ಸಂವಿಧಾನ ಬರೆದವರು ನಂಬಿದ್ದರು.

ಅಲ್ಲಿಯ ಸಂಪ್ರದಾಯ ಹೇಗೆಂಬುದಕ್ಕೆ ಒಂದು ರಾತ್ರಿ ಸಾಕು. 1979ರ ಮಾರ್ಚ್ 28ರಂದು ಜೇಮ್ಸ್ ಕ್ಯಾಲಹನ್ ಅವರ ಲೇಬರ್ ಸರ್ಕಾರ ಅವಿಶ್ವಾಸ ನಿರ್ಣಯದಲ್ಲಿ 311ಕ್ಕೆ 310ರಿಂದ, ಅಂದರೆ ಒಂದೇ ಮತದಿಂದ ಸೋತಿತು. ಅವರದೇ ಪಕ್ಷದ ಸದಸ್ಯ ಆಲ್ಫ್ರೆಡ್ ಬ್ರಾಟನ್ ಸಾವಿನ ಅಂಚಿನಲ್ಲಿದ್ದರು. ಅವರನ್ನು ಆ ಸ್ಥಿತಿಯಲ್ಲಿ ಹೊತ್ತು ತರುವುದು ಬೇಡವೆಂದು ತೀರ್ಮಾನವಾಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಇದರಲ್ಲಿ ಎಲ್ಲಿಯೂ ಅರಮನೆ ಬರುವುದಿಲ್ಲ. ಯಾರೂ ರಾಣಿಯ ಕೈಗೆ ಸಹಿ ಮಾಡಿದ ಪತ್ರ ಕೊಡಲಿಲ್ಲ.

ನಮ್ಮಲ್ಲಿ ಪತ್ರ ಬಂತು.

ಸೋಮಪ್ಪ ರಾಯಪ್ಪ ಬೊಮ್ಮಾಯಿ ಮುಖ್ಯಮಂತ್ರಿಯಾದದ್ದು 1988ರ ಆಗಸ್ಟ್ 13ರಂದು. ದೂರವಾಣಿ ಕದ್ದಾಲಿಕೆಯ ಆರೋಪ ಬಂದು ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟಿದ್ದರು. 1985ರ ಚುನಾವಣೆಯಲ್ಲಿ ಜನತಾ ಪಕ್ಷ 224ರಲ್ಲಿ 139 ಸ್ಥಾನ ಗೆದ್ದಿದ್ದರಿಂದ ಲೆಕ್ಕಕ್ಕೆ ಕೊರತೆ ಇರಲಿಲ್ಲ. ಬೊಮ್ಮಾಯಿ ಹುಬ್ಬಳ್ಳಿ ಕಡೆಯ ವಕೀಲರು, ಎಂ. ಎನ್. ರಾಯ್ ಅವರ ವಿಚಾರಗಳಿಗೆ ಒಲಿದವರು, ಹೆಗಡೆಯವರಂತೆ ಜನರನ್ನು ಮಾತಿನಲ್ಲಿ ಸೆಳೆಯುವ ಮನುಷ್ಯನಲ್ಲ. ಅವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಜನತಾ ಪಕ್ಷ ಮತ್ತು ಲೋಕದಳ ಸೇರಿ ಜನತಾದಳವಾಯಿತು. ಒಂದಾಗುವ ಈ ಗಡಿಬಿಡಿಯಲ್ಲೇ ಇಲ್ಲಿ ಪಕ್ಷ ಒಡೆಯತೊಡಗಿತು. ಹೊಸ ಪಕ್ಷಕ್ಕೆ ಬರುವವರು, ಹಳೆಯ ಹೆಸರಿಗೇ ಅಂಟಿಕೊಂಡವರು, ಎರಡೂ ಕಡೆ ಕಾಲಿಟ್ಟವರು.

ಇನ್ನು ಆ ಒಂದು ವಾರದ ಕತೆ. 1989ರ ಏಪ್ರಿಲ್ 15ರಂದು ಬೊಮ್ಮಾಯಿ ಮಂತ್ರಿಮಂಡಲ ವಿಸ್ತರಿಸಿ 13 ಜನರನ್ನು ಸೇರಿಸಿಕೊಂಡರು. ಸಂಪುಟ ವಿಸ್ತರಣೆ ಎಂದರೆ ಹದಿಮೂರು ಜನ ಸಂತೋಷಪಡುವ, ಉಳಿದವರೆಲ್ಲ ಮುನಿಯುವ ಸಮಾರಂಭ ಎಂಬುದು ರಾಜಕೀಯ ನೋಡಿದ ಎಲ್ಲರಿಗೂ ಗೊತ್ತು. ಎರಡೇ ದಿನಕ್ಕೆ, 17ರಂದು, ಜನತಾದಳದ ಶಾಸಕರೊಬ್ಬರು ಪಕ್ಷ ಬಿಟ್ಟು ರಾಜಭವನಕ್ಕೆ ಹೋದರು. ತಮ್ಮ ಪತ್ರದ ಜೊತೆಗೆ ಇನ್ನೂ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗಿತ್ತರು. ಅವುಗಳಲ್ಲಿ 17 ಜನತಾದಳದ ಶಾಸಕರವು, ಒಂದು ಸಹಸದಸ್ಯರಾಗಿದ್ದ ಪಕ್ಷೇತರರದ್ದು, ಒಂದು ಬಿಜೆಪಿ ಶಾಸಕರದ್ದು. ಎಲ್ಲದರ ಸಾರ ಒಂದೇ: ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಿದ್ದೇವೆ.

ರಾಜ್ಯಪಾಲರು ಆ ಶಾಸಕರನ್ನು ಕರೆದು ಕೇಳಲಿಲ್ಲ. ಮುಖ್ಯಮಂತ್ರಿಯನ್ನೂ ಕೇಳಲಿಲ್ಲ. 19ರಂದು ರಾಷ್ಟ್ರಪತಿಗೆ ವರದಿ ಬರೆದರು: ಆಳುವ ಪಕ್ಷದಲ್ಲಿ ಒಡಕಿದೆ, ಮುಖ್ಯಮಂತ್ರಿಗೆ ಬಹುಮತವಿಲ್ಲ, ಬೇರೆ ಯಾವ ಪಕ್ಷವೂ ಸರ್ಕಾರ ರಚಿಸುವ ಸ್ಥಿತಿಯಲ್ಲಿಲ್ಲ, ಆದ್ದರಿಂದ 356ನೇ ವಿಧಿಯನ್ನು ಬಳಸಬೇಕು.

ಮರುದಿನ, 20ರಂದು, ಕತೆ ತಿರುಗಿತು. ಆ ಹತ್ತೊಂಬತ್ತರಲ್ಲಿ ಏಳು ಶಾಸಕರು ರಾಜ್ಯಪಾಲರಿಗೆ ಮತ್ತೆ ಪತ್ರ ಬರೆದರು. ತಪ್ಪು ತಿಳಿವಳಿಕೆ ಕೊಟ್ಟು ನಮ್ಮ ಸಹಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದರು. ಅದೇ ದಿನ ಸಂಪುಟ ಸಭೆ ಸೇರಿ ಏಪ್ರಿಲ್ 27ಕ್ಕೆ ವಿಧಾನಸಭೆ ಕರೆಯಲು ತೀರ್ಮಾನಿಸಿತು. ಮುಖ್ಯಮಂತ್ರಿಯೂ ಕಾನೂನು ಮಂತ್ರಿಯೂ ರಾಜಭವನಕ್ಕೆ ಹೋಗಿ, ಒಂದು ವಾರ ಕೊಡಿ, ಸದನದಲ್ಲೇ ಬಹುಮತ ತೋರಿಸುತ್ತೇವೆ, ಬೇಕಾದರೆ ಅಧಿವೇಶನವನ್ನು ಇನ್ನೂ ಬೇಗ ಕರೆಯುತ್ತೇವೆ ಎಂದರು. ರಾಷ್ಟ್ರಪತಿಗೆ ಟೆಲೆಕ್ಸ್ ಸಂದೇಶವೂ ಹೋಯಿತು. ರಾಜ್ಯಪಾಲರು ಆ ದಿನವೇ ಎರಡನೆಯ ವರದಿ ಕಳಿಸಿದರು. ಏಳು ಜನ ಮಾತು ಬದಲಿಸಿದ್ದನ್ನು ಅದರಲ್ಲಿ ಹೇಳಿದರು. ಆದರೆ ಆ ಬದಲಾವಣೆಯೇ ಅವರಿಗೆ ಕುದುರೆ ವ್ಯಾಪಾರದ ಸಾಕ್ಷಿಯಾಗಿ ಕಂಡಿತು. 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ಆಗ ಪ್ರಧಾನಿ ರಾಜೀವ್ ಗಾಂಧಿ, ರಾಷ್ಟ್ರಪತಿ ಆರ್. ವೆಂಕಟರಾಮನ್.

ಈ ಭಾಗವನ್ನು ಓದುವಾಗಲೆಲ್ಲ ನನಗೆ ಆ ಏಳು ಜನ ಕಾಡುತ್ತಾರೆ. ಅವರಿಗೆ ನಿಜಕ್ಕೂ ಮೋಸವಾಗಿತ್ತೋ, ಅಥವಾ ರಾತ್ರೋರಾತ್ರಿ ಯಾರೋ ಮನೆ ಬಾಗಿಲು ತಟ್ಟಿ ಮನಸ್ಸು ಬದಲಿಸಿದರೋ? ಎರಡೂ ಸಾಧ್ಯ. ರಾಜ್ಯಪಾಲರ ಅನುಮಾನ ಪೂರಾ ನಿರಾಧಾರವೆಂದು ನಾನು ಹೇಳಲಾರೆ. ಕರ್ನಾಟಕದ ಶಾಸಕರನ್ನು ಬಲ್ಲವರು ಯಾರೂ ಹೇಳಲಾರರು. ಆದರೆ ಮೊದಲ ಪತ್ರದ ಸಹಿ ಸಾಚಾ, ಎರಡನೆಯ ಪತ್ರದ ಸಹಿ ಖೋಟಾ ಎಂದು ರಾಜಭವನದ ಮೇಜಿನ ಮುಂದೆ ಕೂತು ಹೇಗೆ ಗೊತ್ತುಮಾಡುವುದು? ಸದನದಲ್ಲಿ ಆ ತೊಡಕಿಲ್ಲ. ಅಲ್ಲಿ ಮನುಷ್ಯ ತನ್ನ ಕ್ಷೇತ್ರದವರು ನೋಡುತ್ತಿರುವಾಗ ಎದ್ದು ನಿಲ್ಲಬೇಕು.

ಇದು ಮೊದಲ ಸಲವೇನೂ ಅಲ್ಲ. 1959ರ ಜುಲೈ 31ರಂದು ಕೇರಳದಲ್ಲಿ ಇ. ಎಂ. ಎಸ್. ನಂಬೂದಿರಿಪಾಡರ ಸರ್ಕಾರ ಹೋದಾಗ ಅದಕ್ಕೆ ಸದನದಲ್ಲಿ ಬಹುಮತ ಇತ್ತು. 1977ರಲ್ಲಿ ಕೇಂದ್ರಕ್ಕೆ ಬಂದ ಜನತಾ ಸರ್ಕಾರ ಒಂಬತ್ತು ಕಾಂಗ್ರೆಸ್ ರಾಜ್ಯ ಸರ್ಕಾರಗಳನ್ನು ಒಟ್ಟಿಗೇ ಮನೆಗೆ ಕಳಿಸಿತು. 1980ರಲ್ಲಿ ಮರಳಿ ಬಂದ ಇಂದಿರಾ ಗಾಂಧಿ ಅದೇ ಒಂಬತ್ತರ ಲೆಕ್ಕದಲ್ಲಿ ಬಾಕಿ ತೀರಿಸಿದರು. ನಮ್ಮಲ್ಲೇ 1977ರ ಡಿಸೆಂಬರ್ 31ರಂದು ದೇವರಾಜ ಅರಸರ ಸರ್ಕಾರವನ್ನು ವಜಾ ಮಾಡಿದ್ದು ಜನತಾ ಕೇಂದ್ರ ಸರ್ಕಾರ. ಅರಸರು ಎರಡು ತಿಂಗಳಲ್ಲಿ ಚುನಾವಣೆ ಗೆದ್ದು ಬಂದು ಉತ್ತರ ಕೊಟ್ಟರು. ಅಂದರೆ 1989ರಲ್ಲಿ ಜನತಾ ಪರಿವಾರ ಅನುಭವಿಸಿದ್ದು ಹನ್ನೊಂದು ವರ್ಷದ ಹಿಂದೆ ಅದೇ ಪರಿವಾರ ಮಾಡಿದ್ದನ್ನೇ.

1984ರ ಆಂಧ್ರ ಇನ್ನೂ ಸ್ವಾರಸ್ಯದ್ದು. ಆಗಸ್ಟ್ 16ರಂದು ರಾಜ್ಯಪಾಲ ರಾಮಲಾಲ್ ಎನ್. ಟಿ. ರಾಮರಾವ್ ಅವರನ್ನು ತೆಗೆದು ನಾದೆಂಡ್ಲ ಭಾಸ್ಕರ ರಾವ್ ಅವರಿಗೆ ಪ್ರಮಾಣವಚನ ಬೋಧಿಸಿದರು. ಎನ್‌ಟಿಆರ್ ತಮ್ಮ ಶಾಸಕರನ್ನು ದೆಹಲಿಗೆ ಕರೆದೊಯ್ದು ರಾಷ್ಟ್ರಪತಿಯ ಮುಂದೆ ನಿಲ್ಲಿಸಿದರು. ಆಮೇಲೆ ಆ ಶಾಸಕರನ್ನು ಕಾಪಾಡಿಕೊಳ್ಳಲು ಹೆಗಡೆಯವರ ಕರ್ನಾಟಕಕ್ಕೆ, ನಂದಿಬೆಟ್ಟಕ್ಕೆ ಕಳಿಸಿದರು. ಒಂದು ತಿಂಗಳಿಗೆ ಅವರು ಮತ್ತೆ ಮುಖ್ಯಮಂತ್ರಿ. ರೆಸಾರ್ಟ್ ರಾಜಕಾರಣ ಎಂದು ಈಗ ನಾವು ಮೂಗು ಮುರಿಯುವ ಪದ್ಧತಿಯ ಹಿರಿಯರಲ್ಲಿ ನಂದಿಬೆಟ್ಟವೂ ಒಂದು. ಅಂದು ಅದನ್ನು ಪ್ರಜಾಪ್ರಭುತ್ವದ ರಕ್ಷಣೆ ಎಂದು ಕರೆದಿದ್ದೆವು, ಮತ್ತು ಅದು ತಪ್ಪೂ ಆಗಿರಲಿಲ್ಲ.

ಹೀಗೆ ವಜಾ ಆದವರು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತಿದ್ದರು: ಬೀದಿಗಿಳಿಯುವುದು, ದೆಹಲಿಗೆ ಹೋಗುವುದು, ಮುಂದಿನ ಚುನಾವಣೆಗೆ ಕಾಯುವುದು. ಬೊಮ್ಮಾಯಿಯವರೊಳಗಿನ ವಕೀಲ ನಾಲ್ಕನೆಯದನ್ನು ಹಿಡಿದ. ಏಪ್ರಿಲ್ 26ರಂದು, ಅಂದರೆ ಸದನ ಸೇರಬೇಕಿದ್ದ ದಿನಕ್ಕೆ ಒಂದು ದಿನ ಮೊದಲು, ಕರ್ನಾಟಕ ಹೈಕೋರ್ಟಿಗೆ ರಿಟ್ ಅರ್ಜಿ ಬಿತ್ತು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ವಜಾ ಮಾಡಿತು. ಬಹುಮತವನ್ನು ಸದನದಲ್ಲೇ ಪರೀಕ್ಷಿಸಬೇಕೆಂಬ ಕಡ್ಡಾಯವೇನಿಲ್ಲ ಎಂಬುದು ಅದರ ನಿಲುವು. ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು.

ಅಷ್ಟರಲ್ಲಿ ರಾಜ್ಯ ಮುಂದೆ ಸಾಗಿತ್ತು. 1989ರ ನವೆಂಬರ್ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ಜನತಾದಳಕ್ಕೆ ಸಿಕ್ಕಿದ್ದು 24. ಅರಸರಿಗೆ ಉತ್ತರ ಕೊಟ್ಟಂತೆ ಜನ ಬೊಮ್ಮಾಯಿಯವರ ಪರವಾಗಿ ಉತ್ತರ ಕೊಡಲಿಲ್ಲ ಎಂಬುದನ್ನು ಒಪ್ಪಲೇಬೇಕು. ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರ ಗತಿಯೂ ನೋಡುವಂಥದ್ದೇ. ಸದನದಲ್ಲಿ 178 ಜನ ಬೆನ್ನಿಗಿದ್ದ ಆ ಮನುಷ್ಯ ಒಂದು ವರ್ಷ ತುಂಬುವ ಮೊದಲೇ, 1990ರ ಅಕ್ಟೋಬರಿನಲ್ಲಿ, ಕಾಯಿಲೆ ಮಲಗಿದ್ದಾಗ ಅಧಿಕಾರ ಕಳೆದುಕೊಂಡರು. ನಾಯಕತ್ವ ಬದಲಾಗುತ್ತದೆಂದು ರಾಜೀವ್ ಗಾಂಧಿ ಹೇಳಿದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ. ಸರ್ಕಾರ ಬೀಳಲು ಸಂಖ್ಯೆಯ ಕೊರತೆಯೇ ಬೇಕೆಂದಿಲ್ಲ. ಆ ಗೊಂದಲದಲ್ಲಿ ರಾಜ್ಯಕ್ಕೆ ಒಂದು ವಾರ ಮತ್ತೆ ರಾಷ್ಟ್ರಪತಿ ಆಳ್ವಿಕೆಯೂ ಬಂತು.

ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು 1994ರ ಮಾರ್ಚ್ 11ರಂದು. ಬೊಮ್ಮಾಯಿ ಅರ್ಜಿಯ ಜೊತೆಗೆ ನಾಗಾಲ್ಯಾಂಡ್, ಮೇಘಾಲಯ, ಮತ್ತು ಬಾಬ್ರಿ ಮಸೀದಿ ಉರುಳಿದ ಮೇಲೆ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಪ್ರಕರಣಗಳೂ ಸೇರಿದ್ದವು. ಕೊನೆಯ ಮೂರರ ವಜಾ ಸರಿಯೆಂದಿತು ಕೋರ್ಟು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂಬ ಮಾತಿಗಾಗಿ ಈ ತೀರ್ಪನ್ನು ನೆನೆಯುವವರೂ ಬಹಳ. ಅದು ಬೇರೆಯದೇ ಲೇಖನ.

ಕರ್ನಾಟಕದ ಮಟ್ಟಿಗೆ ಕೋರ್ಟು ಹೇಳಿದ್ದು ಸರಳ. ಸರ್ಕಾರಕ್ಕೆ ಬಹುಮತ ಇದೆಯೇ ಎಂಬ ಪ್ರಶ್ನೆ ಎದ್ದರೆ ಅದಕ್ಕೆ ಉತ್ತರ ಸಿಗಬೇಕಾದ ಜಾಗ ಸದನ. ರಾಜ್ಯಪಾಲರ ಸ್ವಂತ ಅಭಿಪ್ರಾಯ ಅದಕ್ಕೆ ಬದಲಿಯಲ್ಲ. ಸದನ ಸೇರಲಾಗದಷ್ಟು ಹಿಂಸಾಚಾರ ಹಬ್ಬಿದ್ದರೆ ಮಾತ್ರ ಬೇರೆ ಮಾತು. ಕೇಂದ್ರ-ರಾಜ್ಯ ಸಂಬಂಧಗಳ ಬಗ್ಗೆ ಸರ್ಕಾರಿಯಾ ಆಯೋಗ 1988ರಲ್ಲೇ ಇಂಥದ್ದನ್ನು ಶಿಫಾರಸು ಮಾಡಿತ್ತು. ವೆಂಕಟಸುಬ್ಬಯ್ಯನವರ ಅವಸರದ ಬಗ್ಗೆ ನ್ಯಾಯಮೂರ್ತಿ ಸಾವಂತ್ ಬರೆದ ಪುಟಗಳು ಖಾರವಾಗಿವೆ. ಇದಕ್ಕಿಂತ ಹರಿತವಾದದ್ದು ಇನ್ನೊಂದು ಭಾಗ: ರಾಷ್ಟ್ರಪತಿಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು, ಅದಕ್ಕೆ ಆಧಾರವಾದ ಸಾಮಗ್ರಿಯನ್ನು ತರಿಸಿ ನೋಡಬಹುದು, ತಪ್ಪೆಂದು ಕಂಡರೆ ವಜಾ ಆದ ಸರ್ಕಾರವನ್ನೂ ಸದನವನ್ನೂ ಮರಳಿ ಕೂರಿಸಬಹುದು. ಸಂಸತ್ತಿನ ಒಪ್ಪಿಗೆ ಸಿಗುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತೆಯೂ ಇಲ್ಲ. ಒಂಬತ್ತು ಜನರೂ ಎಲ್ಲವನ್ನೂ ಒಪ್ಪಿದರೆಂದಲ್ಲ. ನ್ಯಾಯಮೂರ್ತಿಗಳಾದ ಅಹ್ಮದಿ, ವರ್ಮಾ ಮುಂತಾದವರು ಕೋರ್ಟಿನ ಕೈ ಇಷ್ಟು ಉದ್ದವಾಗಬಾರದು ಎಂದುಕೊಂಡವರೇ.

ಮರಳಿ ಕೂರಿಸಬಹುದು ಎಂದ ಕೋರ್ಟು ಬೊಮ್ಮಾಯಿಯವರನ್ನು ಕೂರಿಸಲಿಲ್ಲ. ಕೂರಿಸುವುದು ಎಲ್ಲಿಗೆ? ಆ ವಿಧಾನಸಭೆಯೇ ಇರಲಿಲ್ಲ. ಇನ್ನೊಂದು ಸದನ ಬಂದು ನಾಲ್ಕು ವರ್ಷ ದಾಟಿತ್ತು. ತೀರ್ಪಿನ ದಿನ ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದರು. ನಿಮ್ಮನ್ನು ತೆಗೆದದ್ದು ತಪ್ಪು ಎಂದು ಕಾಗದದ ಮೇಲೆ ಬರೆದುಕೊಟ್ಟರು, ಅಷ್ಟೆ.

ಬೊಮ್ಮಾಯಿಯವರನ್ನು ಇಲ್ಲಿಗೆ ಬಿಟ್ಟರೆ ಅವರೊಬ್ಬ ಹುತಾತ್ಮರಂತೆ ಕಾಣುತ್ತಾರೆ. ಇತಿಹಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. 1996ರ ಜೂನಿನಲ್ಲಿ ದೇವೇಗೌಡರ ಕೇಂದ್ರ ಸಂಪುಟದಲ್ಲಿ ಅವರು ಮಾನವ ಸಂಪನ್ಮೂಲ ಅಭಿವೃದ್ಧಿ ಮಂತ್ರಿಯಾದರು. ಆ ಸೆಪ್ಟೆಂಬರಿನಲ್ಲಿ ಗುಜರಾತಿನ ಸುರೇಶ್ ಮೆಹ್ತಾ ಸರ್ಕಾರ ಗದ್ದಲ, ಹೊಡೆದಾಟದ ನಡುವೆ ವಿಶ್ವಾಸಮತ ಗೆದ್ದಿತು. ಅದರ ಬೆನ್ನಿಗೇ ಕೇಂದ್ರ ಅಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿತು. ಮರುವರ್ಷ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸದನದಲ್ಲಿ ಗೆದ್ದ ಮೇಲೂ ಅವರನ್ನು ವಜಾ ಮಾಡಲು ಗುಜ್ರಾಲ್ ಸಂಪುಟ ಶಿಫಾರಸು ಮಾಡಿತು. ಆ ಸಂಪುಟದಲ್ಲೂ ಬೊಮ್ಮಾಯಿ ಇದ್ದರು. ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಕಡತವನ್ನು ಮರುಪರಿಶೀಲನೆಗೆ ವಾಪಸು ಕಳಿಸಿದರು. ಸಂಪುಟ ಕೈಬಿಟ್ಟಿತು. ಸಂಪುಟದ ಸಾಮೂಹಿಕ ಹೊಣೆ ಎಂಬುದು ಮಂತ್ರಿಗಳೆಲ್ಲರ ಬಾಯನ್ನು ಒಟ್ಟಿಗೇ ಕಟ್ಟಿಹಾಕುವ ಹಗ್ಗ, ನಿಜ. ಆದರೂ ತನ್ನ ಹೆಸರಿನ ತೀರ್ಪನ್ನು ಎದುರಿಗಿಟ್ಟುಕೊಂಡು ಆ ಸಭೆಗಳಲ್ಲಿ ಕೂತಿರುವುದು ಹೇಗಿತ್ತು ಎಂದು ಅವರನ್ನು ಕೇಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವರು 2007ರ ಅಕ್ಟೋಬರ್ 10ರಂದು ತೀರಿಕೊಂಡರು. ಅದರ ಹಿಂದಿನ ದಿನವಷ್ಟೇ ಜೆಡಿಎಸ್-ಬಿಜೆಪಿ ಮೈತ್ರಿ ಮುರಿದು ಕರ್ನಾಟಕಕ್ಕೆ ಮತ್ತೊಮ್ಮೆ ರಾಷ್ಟ್ರಪತಿ ಆಳ್ವಿಕೆ ಬಂದಿತ್ತು.

ತೀರ್ಪು ಮಾತ್ರ ಅವರನ್ನು ಬಿಟ್ಟು ತನ್ನ ಪಾಡಿಗೆ ಕೆಲಸ ಮಾಡುತ್ತ ಹೋಯಿತು. 1998ರ ಫೆಬ್ರವರಿಯಲ್ಲಿ ಅದೇ ಕಲ್ಯಾಣ್ ಸಿಂಗ್ ಅವರನ್ನು ರಾಜ್ಯಪಾಲ ರೊಮೇಶ್ ಭಂಡಾರಿ ತೆಗೆದು ಜಗದಂಬಿಕಾ ಪಾಲ್ ಅವರನ್ನು ಕೂರಿಸಿದಾಗ, ಇಬ್ಬರನ್ನೂ ಸದನದಲ್ಲಿ ಎದುರುಬದುರು ಎಣಿಸಿ ಎಂದಿತು ಸುಪ್ರೀಂ ಕೋರ್ಟು. ಕಲ್ಯಾಣ್ ಸಿಂಗ್‌ಗೆ 225, ಪಾಲ್‌ಗೆ 196. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269ಕ್ಕೆ 270ರಿಂದ ಬಿದ್ದಾಗ, ಒಡಿಶಾದ ಮುಖ್ಯಮಂತ್ರಿಯಾಗಿದ್ದೂ ಸಂಸತ್ ಸದಸ್ಯತ್ವ ಬಿಡದ ಗಿರಿಧರ್ ಗಮಾಂಗ್ ಹಾಕಿದ ಮತದ ಬಗ್ಗೆ ದೊಡ್ಡ ತಕರಾರೆದ್ದಿತು. ಆದರೂ ಎಣಿಕೆ ಸದನದ್ದು, ಮಾತು ಅಲ್ಲಿಗೆ ಮುಗಿಯಿತು.

ಹಾಗೆಂದು ಜಗಳ ನಿಲ್ಲಲಿಲ್ಲ. ಎಲ್ಲಿ ಎಣಿಸಬೇಕು ಎಂಬುದು ತೀರ್ಮಾನವಾದ ಮೇಲೆ ಜಗಳ ಯಾವಾಗ ಎಣಿಸಬೇಕು ಎಂಬಲ್ಲಿಗೆ ಸರಿಯಿತು. 2018ರ ಮೇ ತಿಂಗಳು ನಮಗೆಲ್ಲ ನೆನಪಿದೆ. 222 ಸ್ಥಾನಗಳಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರನ್ನು ಕರೆದು ಬಹುಮತ ತೋರಿಸಲು ಹದಿನೈದು ದಿನ ಕೊಟ್ಟರು. (1996ರಲ್ಲಿ ದೇವೇಗೌಡರ ಸರ್ಕಾರ ಗುಜರಾತಿನ ಸರ್ಕಾರವನ್ನು ತೆಗೆದಾಗ ಇದೇ ವಾಲಾ ಅಲ್ಲಿಯ ಬಿಜೆಪಿ ಅಧ್ಯಕ್ಷರಾಗಿದ್ದರು ಎಂದು ಆ ದಿನಗಳಲ್ಲಿ ಎಲ್ಲರೂ ನೆನೆದರು.) ಸುಪ್ರೀಂ ಕೋರ್ಟು ನಡುರಾತ್ರಿ ಕಳೆದ ಮೇಲೆ ಕೂತು ವಾದ ಕೇಳಿತು. ಪ್ರಮಾಣವಚನವನ್ನು ತಡೆಯಲಿಲ್ಲ. ಆದರೆ ಮರುದಿನ, ಹದಿನೈದು ದಿನ ಬೇಡ, ನಾಳೆ ಸಂಜೆ ನಾಲ್ಕಕ್ಕೇ ಆಗಲಿ ಎಂದಿತು. ಮೇ 19ರಂದು ಯಡಿಯೂರಪ್ಪ ಭಾಷಣ ಮಾಡಿ, ಮತಕ್ಕೆ ಹಾಕದೆ, ರಾಜೀನಾಮೆ ಕೊಡಲು ಹೊರಟರು. 1989ರಲ್ಲಿ ಬೊಮ್ಮಾಯಿ ಕೇಳಿದ್ದ ಒಂದು ವಾರ ಸಿಗಲಿಲ್ಲ. 2018ರಲ್ಲಿ ಕೊಟ್ಟ ಎರಡು ವಾರ ದಕ್ಕಲಿಲ್ಲ. ರೈಲಿನ ಆ ಹುಡುಗನಿಗೆ ಗೆದ್ದದ್ದೇನು ಎಂದು ಹೇಳಬೇಕಾಗಿದ್ದರೆ ನಾನು ಈ ಎರಡು ದಿನಾಂಕಗಳನ್ನು ತೋರಿಸುತ್ತಿದ್ದೆ.

ಅವನು ಜಾಣನಾಗಿದ್ದರೆ 2019ನ್ನು ತೋರಿಸಿ ನನ್ನ ಬಾಯಿ ಮುಚ್ಚಿಸುತ್ತಿದ್ದ. ಕುಮಾರಸ್ವಾಮಿಯವರ ಮೈತ್ರಿ ಸರ್ಕಾರದ ಶಾಸಕರು ರಾಜೀನಾಮೆ ಬರೆದಿಟ್ಟು ಮುಂಬೈ ಹೋಟೆಲು ಸೇರಿದ ಜುಲೈ ಅದು. ಪಕ್ಷಾಂತರ ನಿಷೇಧ ಕಾನೂನು ಪಕ್ಷದ ವಿರುದ್ಧ ಮತ ಹಾಕಿದವರನ್ನು ಹಿಡಿಯುತ್ತದೆ. ಅದಕ್ಕೆ ಸಿಗದಂತೆ ಸದನದ ಗಾತ್ರವನ್ನೇ ಕುಗ್ಗಿಸುವುದು ಹೊಸ ಉಪಾಯ. ಹಿಂದಿನ ವರ್ಷ ಹದಿನೈದು ದಿನ ಕೊಟ್ಟಿದ್ದ ಅದೇ ರಾಜ್ಯಪಾಲರು ಈ ಸಲ ಜುಲೈ 19ರ ಮಧ್ಯಾಹ್ನ ಒಂದೂವರೆಯೊಳಗೆ ಬಹುಮತ ತೋರಿಸಿ ಎಂದು ಮುಖ್ಯಮಂತ್ರಿಗೆ ಪತ್ರ ಬರೆದರು. ಒಂದೂವರೆ ದಾಟಿತು. ಸಂಜೆಯೊಳಗೆ ಎಂದು ಇನ್ನೊಂದು ಪತ್ರ ಬಂತು. ಅದೂ ದಾಟಿತು. ಸದನ ತನ್ನ ಪಾಡಿಗೆ ಚರ್ಚೆ ನಡೆಸಿತು. ಬೇಕೆಂದೇ ಎಳೆದ ಚರ್ಚೆ, ನೋಡುವವರಿಗೆ ಸಾಕಾಗುವಷ್ಟು. 1989ರಲ್ಲಿ ರಾಜಭವನದ ಒಂದು ಪತ್ರಕ್ಕೆ ಸದನವೇ ಇಲ್ಲವಾಗಿತ್ತು. ಮೂವತ್ತು ವರ್ಷದ ಮೇಲೆ ಎರಡು ಪತ್ರ ಬಂದರೂ ಸದನ ಎದ್ದು ಹೋಗಲಿಲ್ಲ. ಮತಕ್ಕೆ ಹಾಕಿದ್ದು 23ರ ಸಂಜೆ. ಪರ 99, ವಿರುದ್ಧ 105, ಗೈರು 20.

ಮೂರು ದಿನಕ್ಕೆ ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರು. ಜುಲೈ 29ರಂದು ಅವರ ವಿಶ್ವಾಸಮತದ ನಿರ್ಣಯ ಧ್ವನಿಮತದಲ್ಲಿ ಅಂಗೀಕಾರವಾಯಿತು. ಆ ದಿನ ತಲೆ ಎಣಿಸಿ ಎಂದು ವಿರೋಧ ಪಕ್ಷದವರು ಪಟ್ಟು ಹಿಡಿಯಲಿಲ್ಲ.